ಐದು ದಿನದ ತಂಪು

ಕಾರ್ಖಾನೆಯ ಪರೀಕ್ಷಾ ಕೋಣೆ,
ಮೇ ೧೪, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತೇ? ಲಸಿಕೆ ಹೊತ್ತು ಹಳ್ಳಿ ಹಳ್ಳಿ ಸುತ್ತುವಾಗ ತಲೆಗೆ ಬಟ್ಟೆ ಕಟ್ಟಿಕೋ. ನಿಮ್ಮ ಕಡೆಯೂ ಬಿಸಿಲು ನಲವತ್ಮೂರು ಮುಟ್ಟಿದೆಯಂತೆ. ನಿನ್ನ ಫೋನಂತೂ ಸಿಗುವುದೇ ಇಲ್ಲ. ಅಮ್ಮ ಗಟ್ಟಿಯಾಗಿದ್ದಾಳೆ, ನನ್ನ ಅಡುಗೆಗೆ ಹೆಸರಿಡುವಷ್ಟು ಗಟ್ಟಿ.

ಹೋದ ವರ್ಷ ಕಾರ್ಖಾನೆಯೊಳಗೆ ನೆರೆ ನೀರು ಎದೆಮಟ್ಟ ನಿಂತಿತ್ತಲ್ಲ, ಅಂದಿನಿಂದ ಕಾರ್ಖಾನೆ ಯಜಮಾನರು ಮೋಡ ಕಂಡರೂ ಬೆಚ್ಚುತ್ತಾರೆ. "ಮೊದಲು ಗೋಡೆ ಎತ್ತರಿಸೋಣ, ಹೊಸ ಸಾಹಸ ಎಲ್ಲ ಆಮೇಲೆ" ಎಂದು ನಮ್ಮ ಹೊಸ ಉತ್ಪನ್ನ ವಿಭಾಗದ ಒಂಬತ್ತು ಜನರಲ್ಲಿ ಆರು ಜನರನ್ನು ಮನೆಗೆ ಕಳಿಸಿದರು. ಲಸಿಕೆ ತಂಪಾಗಿಡುವ ಪೆಟ್ಟಿಗೆಯ ಕೆಲಸ ಅಲ್ಲಿಗೇ ನಿಂತಿತು. ಈ ಬೇಸಿಗೆ ಹೀಗೆ ಸುಟ್ಟಿದ್ದೇ ತಡ, ಅವರ ಭಯ ಮಗ್ಗುಲು ಬದಲಿಸಿತು. ಬೇರೆ ದೇಶದ ಕಂಪನಿಯೊಂದು ಕರೆಂಟಿಲ್ಲದೆ ಐದು ದಿನ ತಂಪು ಹಿಡಿಯುವ ಪೆಟ್ಟಿಗೆ ತಂದಿತಂತೆ. "ನಮಗೂ ಬೇಕು, ಎಂಟೇ ವಾರದಲ್ಲಿ!" ಒಂದೂವರೆ ವರ್ಷದ ಕೆಲಸ, ಉಳಿದವರು ಮೂರು ಜನ.

ಮಾಡಿದೆವು, ಅಕ್ಕಾ. ನಲವತ್ಮೂರು ಡಿಗ್ರಿಯ ಬಿಸಿ ಕೋಣೆಯಲ್ಲಿಟ್ಟು ಕಾದೆವು. ಮೂರನೇ ದಿನವೂ ಒಳಗೆ ಐದೂವರೆ ಡಿಗ್ರಿ! ನಾವು ಕನ್ನಡಕದಜ್ಜ ಎಂದು ಕರೆಯುವ ಹಿರಿಯ ಮೆಕ್ಯಾನಿಕ್ ಮೊಮ್ಮಗು ಹುಟ್ಟಿದಷ್ಟು ಹಿಗ್ಗಿದ. ನಾಲ್ಕನೇ ದಿನ ಊಟದ ಹೊತ್ತಿಗೆ ತಾಪಮಾಪಕದ ಮುಳ್ಳು ಒಂಬತ್ತು ಡಿಗ್ರಿಗೆ ಬಂತು. ಎಂಟು ದಾಟಿದರೆ ಲಸಿಕೆಯ ಆಸೆ ಬಿಟ್ಟಂತೆ ಎಂದು ನನಗೆ ಹೇಳಿಕೊಟ್ಟವಳೇ ನೀನು.

ನಿನ್ನೆ ಮ್ಯಾನೇಜರ್ ಪರೀಕ್ಷೆಯ ಕಾಗದ ನೋಡಿದರು. "ಹೊರಗೆ ಅಷ್ಟು ಬಿಸಿ ಎಲ್ಲಿರುತ್ತಮ್ಮಾ? ಮೂವತ್ತೈದಕ್ಕೆ ಲೆಕ್ಕ ಹಾಕು, ಐದು ದಿನ ಬರುತ್ತೆ. ಸಹಿ ಬೀಳದಿದ್ರೆ ಈ ವಿಭಾಗಕ್ಕೆ ಬೀಗ. ಅಜ್ಜನಿಗೆ ಇನ್ನೂ ಎರಡು ವರ್ಷ ಸರ್ವೀಸಿದೆ, ಯೋಚನೆ ಮಾಡು" ಎಂದರು. ಅಜ್ಜ ಅಲ್ಲೇ ನಿಂತು ಸ್ಪ್ಯಾನರ್ ಒರೆಸುತ್ತಿದ್ದ, ಒರೆಸಿದ್ದನ್ನೇ ಒರೆಸುತ್ತಿದ್ದ. ಐದು ದಿನ ಎಂದು ನಾನು ಸಹಿ ಹಾಕಿಬಿಟ್ಟೆ. ಬೈಯುವುದಿದ್ದರೆ ಬೈದುಬಿಡು, ಸುಮ್ಮನಿರಬೇಡ.

ಭಾವನಿಗೆ ನಮಸ್ಕಾರ, ಮಕ್ಕಳಿಬ್ಬರ ಕೆನ್ನೆಗೂ ನನ್ನ ಮುತ್ತು.

ನಿನ್ನ ತಂಗಿ,
ಗೊಣಗಮ್ಮ

ಬರೆದು ಮುಗಿಸಿದ ಮೇಲೆ: ಲಾರಿ ಚಾಲಕ ಈಗಷ್ಟೇ ಹೇಳಿದ, ಸಹಿಗೆ ಕಾದು ನಿಂತಿದ್ದ ಮೊದಲ ನಲವತ್ತು ಪೆಟ್ಟಿಗೆ ಹೊರಟಿರುವುದು ನಿಮ್ಮ ಆಸ್ಪತ್ರೆಗೇ! ತಡೆಯಲು ಹೋದೆ, ಗೇಟಿನವರು ಬಿಡಲಿಲ್ಲ. ಚಾಲಕ ಪಕ್ಕದಲ್ಲೇ ಕಾಯುತ್ತಿದ್ದಾನೆ, ಅವನ ಕೈಯಲ್ಲೇ ಈ ಪತ್ರ ಕೊಡುತ್ತೇನೆ. ಪೆಟ್ಟಿಗೆಯ ಮೇಲೆ ಐದು ದಿನ ಎಂದಿದೆ, ಸುಳ್ಳು. ಮೂರು ದಿನದ ಮೇಲೆ ಒಂದು ಗಂಟೆಯೂ ನಂಬಬೇಡ. ಡಾಕ್ಟರಿಗೆ ಪತ್ರ ತೋರಿಸು, ನನ್ನ ಹೆಸರು ಮುಚ್ಚಿಡಬೇಡ. ಪರೀಕ್ಷೆಯ ನಿಜವಾದ ಅಂಕಿಗಳ ಪ್ರತಿ ಜೊತೆಗಿದೆ. ಅದರ ಕೆಳಗಿನ ಎರಡನೇ ಸಹಿ ಅಜ್ಜನದು, ಕೇಳದೆಯೇ ಹಾಕಿದ. ನಿಜ ಹೇಳಲು ಇಬ್ಬರೂ ಈಗ ಯಜಮಾನರ ಕೋಣೆಯ ಮುಂದಿದ್ದೇವೆ. ಅಜ್ಜ ಆಗಲೇ ಬಾಗಿಲು ತಟ್ಟಿದ.