ಐವಿಂಡ್‌ಸನ್ ಎಂಬ ಮನೆತನ

ಅಪ್ಪಾ,

ಇವತ್ತು ವಿಸ್ಕಾನ್ಸಿನ್ನಿನ ನಮ್ಮ ಊರಿನ ಕೋರ್ಟಿನಲ್ಲಿ, ಇನ್ನು ನಾರ್ವೆಯ ದೊರೆಗೆ ನಾನು ಪ್ರಜೆಯಲ್ಲವೆಂದು ಕೈಯೆತ್ತಿ ಪ್ರಮಾಣ ಮಾಡಿ ಅಮೆರಿಕದವನಾದೆ. ಪಕ್ಕದ ಹೊಲದ ಗುನ್ನುಲ್ಫ್ ಸಾಕ್ಷಿ ಹೇಳಿದ.

"ಮನೆತನದ ಹೆಸರೇನಪ್ಪಾ?" ಎಂದರು ಗುಮಾಸ್ತರು.

ನಾರ್ವೆಯ ನಮ್ಮೂರಲ್ಲಿ ಮಗನಿಗೆ ಅಪ್ಪನ ಹೆಸರೇ ಸೇರುವ ರೂಢಿಯಂತೆ "ಐವಿಂಡ್‌ಸನ್", ಅಂದರೆ ಐವಿಂಡನ ಮಗ, ಎಂದುಬಿಟ್ಟೆ.

"ಸರಿ, ನಿನ್ನ ಮಕ್ಕಳು ಮೊಮ್ಮಕ್ಕಳಿಗೂ ಇನ್ನು ಇದೇ" ಎಂದು ಬರೆದುಕೊಂಡರು.

ಗುನ್ನುಲ್ಫ್ ಬಿದ್ದು ಬಿದ್ದು ನಕ್ಕ. "ಲೇ ಪೆದ್ದ, ನಿನ್ನ ಮಕ್ಕಳೆಲ್ಲ ನಿನಗೇ ತಮ್ಮಂದಿರಾಗ್ಬಿಟ್ರಲ್ಲೋ!"

ತಿದ್ದಿಸಬಹುದಿತ್ತು. ನಾನು ತಿದ್ದಿಸಲಿಲ್ಲ.

ನಾನು ಹೊರಟ ದಿನ ನೀನು ಬಾಗಿಲಿಗೂ ಬರದೆ, "ಹಡಗು ಹತ್ತೋನು ನನ್ನ ಮಗನೇ ಅಲ್ಲ" ಎಂದು ಒಳಗಿನಿಂದಲೇ ಕೂಗಿದ್ದೆ. ನೀನು ಮಣ್ಣು ಸೇರಿ ಮೂರು ವರ್ಷವಾಯಿತು. ಈಗ ನ್ಯಾಯಾಧೀಶರೇ ಮೊಹರು ಒತ್ತಿದ್ದಾರೆ ನೋಡು: ನಾನು ಐವಿಂಡನ ಮಗ. ನನ್ನ ಮೊಮ್ಮಕ್ಕಳೂ ಐವಿಂಡನ ಮಕ್ಕಳೇ.

ಅಸ್ಲಾಕ್ ಐವಿಂಡ್‌ಸನ್