ಸೀಟಿನ ಪ್ಲಾಸ್ಟಿಕ್

ಪಪ್ಪಾ,

ನಿಮ್ಮ ಕಾರನ್ನು ಇವತ್ತು ಬೆಳಿಗ್ಗೆ ಚಾರಿಟಿಯವರಿಗೆ ಕೊಟ್ಟುಬಿಟ್ಟೆ. ದೋಹಾದ ಅಲ್ ಹಿಲಾಲ್‌ನಲ್ಲಿ ನಾವೀಗ ಇರುವ ಬಿಲ್ಡಿಂಗಿನ ಕೆಳಗೇ ಬಂದು ಪುಕ್ಕಟೆ ಒಯ್ದರು. ಕೇಳಿಸಿತಾ? ದಾನ! ಹದಿನಾರು ವರ್ಷ ಸೀಟಿನ ಪ್ಲಾಸ್ಟಿಕ್ ಕೂಡ ತೆಗೆಯಲು ಬಿಡದೆ ನೀವು ಕಾಪಾಡಿದ ಕಾರು.

ಪ್ರತಿ ಶುಕ್ರವಾರದ ರಜೆಗೆ, ಆಗ ನಾವಿದ್ದ ದುಖಾನ್‌ನಿಂದ ದೋಹಾದ ಇಗರ್ಜಿಗೆ ಒಂದು ಗಂಟೆಯ ದಾರಿ. ನನಗೂ ತಮ್ಮ ಡ್ಯಾರೆಲ್‌ಗೂ ತೊಡೆ ಆ ಪ್ಲಾಸ್ಟಿಕ್ಕಿಗೆ ಅಂಟಿ, ಇಳಿಯುವಾಗ ಚರ್ಮವೇ ಕಿತ್ತು ಬಂದ ಹಾಗಾಗುತ್ತಿತ್ತು. ಅತ್ತರೆ ಮಮ್ಮಿ ಟವೆಲ್ ಹಾಸುತ್ತಿದ್ದರು. ನಿಮ್ಮದು ಒಂದೇ ಮಾತು: "ತೆಗಿಬೇಡಿ, ಸೀಟು ಹಾಳಾಗ್ತದೆ. ನಾಳೆ ಮಾರುವಾಗ ಒಳ್ಳೆ ರೇಟು ಬರಬೇಕು." ಯಾರೋ ಗುರುತಿಲ್ಲದವನ ಬೆನ್ನಿಗೆ ಮೆತ್ತಗಿರಲಿ ಅಂತ ನಮ್ಮನ್ನು ಬೇಯಿಸಿದಿರಿ! ನಾನು ಆಸ್ಪತ್ರೆಗೆ ಕರೆದುಕೊಂಡು ಹೋದ ಆ ದಿನವೂ ನೀವು ಬೆವರುತ್ತಾ ಅದರ ಮೇಲೇ ಕೂತಿದ್ದಿರಿ. ವಾಪಸು ಬರುವಾಗ ಕಾರಿನಲ್ಲಿ ನಾನೊಬ್ಬಳೇ.

ಒಯ್ಯಲು ಬಂದ ಡ್ರೈವರ್ ಹಿಂದಿನ ಸೀಟಿನ ಪ್ಲಾಸ್ಟಿಕ್ಕನ್ನು ಪರ್ರನೆ ಹರಿದ. ಒಳಗೆ ಸೀಟು ಹೊಚ್ಚಹೊಸದು, ಒಂದು ಕಲೆಯಿಲ್ಲ.

"ಇದರಲ್ಲಿ ಯಾರೂ ಕೂತೇ ಇಲ್ವಾ ಮೇಡಂ?" ಅಂತ ನಕ್ಕ.

ನನಗೆ ಪಿತ್ತ ನೆತ್ತಿಗೇರಿತು. ಅವನ ಮೇಲಲ್ಲ, ನಿಮ್ಮ ಮೇಲೆ. "ಎಲ್ಲಾ ಹರಿದು ಬಿಸಾಡಿ, ಖಲಾಸ್" ಅಂದೆ.

ಅವನು ಮುಂದಿನ ಬಾಗಿಲು ತೆಗೆದು ನಿಮ್ಮ ಸೀಟಿಗೆ ಕೈ ಹಾಕಿದ. ನೀವು ಕೂತು ಕೂತು ಅಲ್ಲಿನ ಪ್ಲಾಸ್ಟಿಕ್ ಹಳದಿಯಾಗಿ, ನಿಮ್ಮ ಬೆನ್ನಿನ ಆಕಾರಕ್ಕೇ ಬಂದಿತ್ತು.

"ತೆಗಿಬೇಡಿ!" ಅಂತ ಕೂಗಿದೆ. "ಸೀಟು ಹಾಳಾಗ್ತದೆ."