ಕೊನೆಯ ರೂಮಿನ ಬೀಗ

ಆರೋಗ್ಯ ಕೇಂದ್ರ
ಶನಿವಾರ, ೧೪ ಡಿಸೆಂಬರ್ ೨೦೨೪

ಜುಂಜಮ್ಮಕ್ಕನಿಗೆ ಮಧುಶ್ರೀಯ ನಮಸ್ಕಾರ.

ನಿಮ್ಮ ಮೇಲೆ ಹೆಸರಿಲ್ಲದ ದೂರು ಬರೆದವಳು ನಾನು. ಕ್ಲರ್ಕ್ ಪ್ರಸನ್ನಕುಮಾರ್ ಅಲ್ಲ, ನಿಮ್ಮ ಹಟ್ಟಿಯವರೂ ಅಲ್ಲ. ಒಂದು ತಿಂಗಳಿಂದ ನಿಮ್ಮನ್ನು ಆಶಾ ಕೆಲಸದಿಂದ ಹೊರಗಿಟ್ಟಿರುವುದು ನನ್ನ ಆ ಎರಡು ಹಾಳೆ. ಕಾಗದದಲ್ಲಿ ಮಾಡಿದ ತಪ್ಪನ್ನು ಕಾಗದದಲ್ಲೇ ಒಪ್ಪಿಕೊಳ್ಳಬೇಕೆಂದು ಇದನ್ನು ಅಂಜಿನಮೂರ್ತಿಯ ಕೈಗೆ ಕೊಡುತ್ತಿದ್ದೇನೆ.

ಅವನ ಹೆಂಡತಿ ಚಿತ್ರಾ ಚೆನ್ನಾಗಿದ್ದಾಳೆ. ಮಗುವೂ ಚೆನ್ನಾಗಿದೆ. ಬೆಳಿಗ್ಗೆ ತೂಗಿದೆ, ಎರಡು ಕೆಜಿ ಇನ್ನೂರೈವತ್ತು. ನೀವು ತಂದ ದಿನಕ್ಕಿಂತ ನೂರು ಗ್ರಾಂ ಹೆಚ್ಚು. ಅತ್ತರೆ ಗೇಟಿನವರೆಗೂ ಕೇಳಿಸುತ್ತದೆ. ಇಷ್ಟು ಹಿತವಾದ ಸದ್ದನ್ನು ನಾನು ಕೇಳಿದ್ದೇ ಇಲ್ಲ.

ನಾನು ಈ ಕೇಂದ್ರಕ್ಕೆ ನರ್ಸಾಗಿ ಬಂದ ಹೊಸತರಲ್ಲಿ ಕೊನೆಯ ರೂಮನ್ನು ನೋಡಿದೆ. ಹಳೇ ಫೈಲುಗಳನ್ನು ಮೂಲೆಗೆ ಸರಿಸಿ, ಎರಡು ಮಂಚ ಹಾಕಿ, ನಿಮ್ಮ ಹಟ್ಟಿಯ ಬಾಣಂತಿಯರನ್ನು ಹತ್ತು ಹನ್ನೆರಡು ದಿನ ಅಲ್ಲೇ ಇರಿಸಿಕೊಳ್ಳುತ್ತಿದ್ದಿರಿ. ಅವರು ಅದನ್ನು 'ಗುಡ್ಲು ರೂಮು' ಎನ್ನುತ್ತಿದ್ದರು. ನನಗೆ ಮೈ ಉರಿದುಹೋಯಿತು. ತುಮಕೂರಿನ ವಿಚಾರವಾದಿ ಸಭೆಗಳಲ್ಲಿ ಹತ್ತು ರೂಪಾಯಿಗೆ ಕೊಂಡ ಕಿರುಪುಸ್ತಕಗಳನ್ನು ಓದಿಯೇ ಬೆಳೆದವಳು ನಾನು. ಮೌಢ್ಯದ ಜೊತೆ ರಾಜಿ ಕೂಡದು ಎಂಬ ಸಾಲಿಗೆ ಕೆಂಪು ಗೆರೆ ಎಳೆದುಕೊಂಡವಳು. ಹೆತ್ತವಳು ಹಟ್ಟಿಯೊಳಗೆ ಇರಬಾರದೆಂಬ ಕಟ್ಟಳೆಗೆ ಸರ್ಕಾರಿ ಕಟ್ಟಡವೇ ಗುಡಿಸಲಾಗಿದೆ, ಆಶಾ ಕಾರ್ಯಕರ್ತೆಯೇ ಇದನ್ನು ನಡೆಸುತ್ತಿದ್ದಾರೆ ಎಂದು ಬರೆದೆ. ಒಂದು ಮಾತೂ ನಿಮ್ಮನ್ನು ಕೇಳಲಿಲ್ಲ. ದಿನಾ ಒಂದೇ ಫ್ಲಾಸ್ಕಿನ ಟೀ ಕುಡಿಯುತ್ತಿದ್ದೆವು, ಆದರೂ ಕೇಳಲಿಲ್ಲ. ನರ್ಸು ಆಶಾನ ಸಲಹೆ ಕೇಳುವ ಪದ್ಧತಿ ನಮ್ಮಲ್ಲಿ ಇಲ್ಲವಲ್ಲ. ಮೇಲಿನವರಿಗೆ ಬರೆಯುವ ಪದ್ಧತಿ ಇದೆ.

ರೂಮಿಗೆ ಬೀಗ ಬಿತ್ತು, ನಿಮ್ಮ ಕೆಲಸ ನಿಂತಿತು. ಗೆದ್ದೆ ಅಂದುಕೊಂಡೆ. ಹೋದ ಭಾನುವಾರ ಚಿತ್ರಾಳಿಗೆ ಹೆರಿಗೆಯ ಮೂರು ದಿನ ಮುಗಿಯಿತು. ನಿಯಮದ ಪ್ರಕಾರ ಡಿಸ್ಚಾರ್ಜ್ ಚೀಟಿ ಬರೆದುಕೊಟ್ಟವಳೂ ನಾನೇ. ಅವಳು ಮನೆಗೆ ಹೋಗುತ್ತಾಳೆಂದು ಬರೆದೆ. ಅವಳು ಹೋದದ್ದು ಹಟ್ಟಿಯಾಚೆಯ ತೆಂಗಿನ ಗರಿಯ ಗುಡಿಸಲಿಗೆ, ಈ ಚಳಿಯಲ್ಲಿ.

ಮಂಗಳವಾರ ನೀವು ಲಗೇಜ್ ಆಟೋದಿಂದ ಇಳಿದದ್ದು ಕಣ್ಣಿಗೆ ಕಟ್ಟಿದಂತಿದೆ. ಹಿಂದೆ ಚಿತ್ರಾ, ನಿಮ್ಮ ಸೆರಗಿನೊಳಗೆ ಎದೆಗೆ ಒತ್ತಿಕೊಂಡ ಮಗು. ಮುಟ್ಟಿದೆ, ತಣ್ಣಗಿತ್ತು. ಹಾಲು ಚೀಪುತ್ತಿರಲಿಲ್ಲ. ವಾರ್ಡಿನ ತುಂಬ ಜ್ವರದವರು. ಗಾಳಿ ನುಗ್ಗದ ರೂಮು ಅದೊಂದೇ. ಕೀ ಪ್ರಸನ್ನಕುಮಾರ್ ಹತ್ತಿರ ಇದೆ, ಅವರು ಕೊರಟಗೆರೆಗೆ ಹೋಗಿದ್ದಾರೆ ಎಂದೆ. ನೀವು ರೇಗಿದಿರಿ: "ಕೀ ಬಂದಾಗ ಬರ್ಲಿ, ಮಗ ಕಾಯ್ತದಾ? ಹೆಂಗೆ ನಿಂತವ್ಳೆ ನೋಡು ಕಂಬ ನಿಂತಂಗೆ! ಒಡಿಯವ್ವ ಅತ್ಲಾಗೆ!"

ನಾನು ಹಾಕಿಸಿದ ಬೀಗವನ್ನು ನಾನೇ ಕಲ್ಲಿನಿಂದ ಒಡೆದೆ. ಮೂರನೇ ಏಟಿಗೆ ಬಿತ್ತು.

ಮಗುವನ್ನು ಚಿತ್ರಾಳ ಎದೆಗೆ ಹಾಕಿ ಕಂಬಳಿ ಹೊದಿಸಿ ಕೂತಿರಿ. ಎರಡು ಗಂಟೆಯ ಮೇಲೆ ಅದು ಬಾಯಿ ಹುಡುಕಿತು. ಡಾಕ್ಟರು ಪರೀಕ್ಷಿಸಿ, ಹಾಲು ಹಿಡಿದಿದೆ, ದೊಡ್ಡಾಸ್ಪತ್ರೆಗೆ ಕಳಿಸಬೇಕಾಗಿಲ್ಲ ಎಂದಾಗ ನಾನು ಬಚ್ಚಲಿಗೆ ಹೋಗಿ ಅತ್ತೆ. ಮಗುವನ್ನು ಮುಟ್ಟಿದ್ದೀರಲ್ಲ, ಹಟ್ಟಿಗೆ ಸೇರಿಸುತ್ತಾರಾ ಎಂದು ಕೇಳಿದ್ದಕ್ಕೆ, "ಮುಳುಗಾಕ್ಕೊಂಡು ಹೋಯ್ತೀನಿ ಬುಡು, ನೀರಿಗೇನು ಬರವಾ" ಎಂದು ನಕ್ಕಿರಿ. ಆಮೇಲೆ ಅಂದಿರಿ: "ಆ ಪ್ರಸನ್ನನೇ ಕಣಮ್ಮ ಬರೆದಿರೋದು, ಫೈಲು ಎತ್ತಿಡೋಕಾಗ್ದೆ. ಹೆಸರು ಹಾಕೋ ಮೀಟ್ರಿಲ್ಲ ಅವನಿಗೆ." ನಾನು 'ಹೂಂ' ಎಂದೆ. ಆ ಹೂಂ ಅನ್ನು ಹಿಂತೆಗೆದುಕೊಳ್ಳಲು ನಾಲ್ಕು ದಿನ ಬೇಕಾಯಿತು.

ನಿನ್ನೆ ನಿಮ್ಮ ಹಟ್ಟಿಯ ಯಜಮಾನರು, ಮಾರಣ್ಣನವರು ಬಂದು ಕಿಟಕಿಯಾಚೆ ನಿಂತು ಮಗುವನ್ನು ನೋಡಿದರು. ಈ ರೂಮಿಗೆ ಹೇಗೆ ಒಪ್ಪಿದಿರಿ ಎಂದು ಕೇಳಿದೆ. "ನಿಮ್ಮ ಜುಂಜಮ್ಮ ಲಾಯರ್ ಆಗ್ಬೇಕಿತ್ತು ಕಣಮ್ಮ. ಆಸ್ಪತ್ರೆ ಹಟ್ಟಿಯಿಂದ ಆಚೆಗೈತೋ ಇಲ್ವೋ ಅಂದ್ಲು. ಐತೆ ಅಂದೆ. ಅಂಗಾದ್ರೆ ಬಾಣಂತಿ ಅಲ್ಲೇ ಇದ್ರೆ ನಿಮ್ಮ ದೇವರಿಗೇನು ಕಷ್ಟ ಅಂದ್ಲು. ಏನಂತ ಹೇಳ್ಲಿ? ನಾಕು ವರ್ಷದಿಂದ ಆ ಗುಡ್ಲಿಗೆ ಗರಿ ಹೊದಿಸಿರ್ಲಿಲ್ಲ. ಇನ್ನೆರಡು ಮಳೆ ಬಿದ್ದಿದ್ರೆ ಅದೇ ಮಣ್ಣಾಗ್ತಿತ್ತು. ಯಾವನೋ ಬೀಗ ಹಾಕ್ಬುಟ್ಟ."

ರಿಜಿಸ್ಟರ್ ತೆಗೆದು ನೋಡಿದೆ. ನಾಲ್ಕು ವರ್ಷ, ಹದಿನೇಳು ಬಾಣಂತಿಯರು. ಹದಿನೇಳೂ ಕೂಸುಗಳು ಬದುಕಿವೆ.

ಅಕ್ಕಾ, ಗುಡಿಸಲು ಹೋಗಲೇಬೇಕು, ಈ ಮಾತನ್ನು ನಾನು ಬಿಡುವುದಿಲ್ಲ. ಆದರೆ ನೀವು ಅದನ್ನು ಖಾಲಿ ಮಾಡುತ್ತಿದ್ದಿರಿ, ನಾನು ಮತ್ತೆ ಒಬ್ಬಳನ್ನು ಅದರೊಳಗೆ ಕಳಿಸಿದೆ. ಬುಧವಾರ ಮಧುಗಿರಿಯಲ್ಲಿ ನಿಮ್ಮ ವಿಚಾರಣೆ. ದೂರು ನನ್ನದು, ತಪ್ಪೂ ನನ್ನದು ಎಂದು ಬರೆದು ಸಹಿ ಮಾಡಿ ಕೊಡುತ್ತೇನೆ. ರಿಜಿಸ್ಟರಿನ ನಕಲೂ ತರುತ್ತೇನೆ. ನನಗೆ ಮೆಮೊ ಬರಬಹುದು, ಬರಲಿ. ಪ್ರಸನ್ನಕುಮಾರ್ ಅವರಿಗೆ ಇವತ್ತೇ ಹೇಳಿಬಿಟ್ಟೆ. ಅವರು, "ಹೊಸ ಬೀಗದ ಬಿಲ್ಲು ನಿಮ್ಮದೇ ಸಿಸ್ಟರ್" ಎಂದರು. ಬೀಗ ಬೇಡ ಸಾರ್ ಎಂದೆ. ಇಬ್ಬರೂ ನಕ್ಕೆವು.

ಕ್ಷಮಿಸುವುದೂ ಬಿಡುವುದೂ ನಿಮಗೆ ಸೇರಿದ್ದು. ಹೇಳಿಯಾಯಿತು, ಉಸಿರು ಸಲೀಸಾಗಿದೆ.

ನಿಮ್ಮ,
ಮಧುಶ್ರೀ
(ಈ ಸಲ ಪೂರ್ತಿ ಸಹಿ ಹಾಕಿದ್ದೇನೆ.)

ಮರೆಮಾಚಿದ ಇನ್ನೊಂದು ಮಾತು: ದೀಪಾವಳಿಗೆ ಶಿರಾದ ನಮ್ಮ ಮನೆಗೆ ಹೋಗಿದ್ದೆನಲ್ಲ, ಆಗ ನಾನು ಮುಟ್ಟಾದೆ. ಮೂರು ದಿನ ಜಗಲಿಯ ಮೂಲೆಯಲ್ಲಿ ಚಾಪೆ ಹಾಸಿಕೊಂಡು ಕೂತೆ. ಅಮ್ಮ ತಟ್ಟೆಯನ್ನು ದೂರದಿಂದ ತಳ್ಳಿದಳು, ತುಟಿ ಎರಡು ಮಾಡದೆ ತಿಂದೆ. ನಿಮ್ಮ ಮೇಲಿನ ದೂರನ್ನು ಬರೆದದ್ದು ಆ ಚಾಪೆಯ ಮೇಲೆ. ಅಮ್ಮನಿಗೆ ಏನು ಹೇಳಬೇಕು, ಹೇಗೆ ಹೇಳಬೇಕು ಎಂದು ನಿಮ್ಮಿಂದ ಕಲಿಯಬೇಕು. ವಿಚಾರಣೆ ಹನ್ನೊಂದಕ್ಕೆ. ನೀವು ಸ್ವಲ್ಪ ಮುಂಚೆ ಬನ್ನಿ. ಮಧುಗಿರಿ ಬಸ್ ನಿಲ್ದಾಣದಲ್ಲಿ, ಬುಧವಾರ ಹದಿನೆಂಟನೇ ತಾರೀಕು, ಬೆಳಿಗ್ಗೆ ಒಂಬತ್ತೂವರೆಗೆ.